ಅಪ್ಪ ಕೂತಾಗ ಆರುವ ದೀಪ

ಕೆಟ್ಟಿರುವುದು ಕಾರೋ ತನ್ನ ತಲೆಯೋ ಎಂದು ಪುಟ್ಟಿಗೆ ಈಚೆಗೆ ಅನುಮಾನ ಬರತೊಡಗಿತ್ತು. ಗುಡ್ಡದ ರಸ್ತೆಯಲ್ಲಿ ತಿರುವು ಬರುತ್ತಿದ್ದ ಹಾಗೆ ಹೆಡ್‌ಲೈಟು ಎರಡೂ ಒಟ್ಟಿಗೆ ಆರಿಹೋಗುತ್ತಿದ್ದವು. ಮಿಣುಕಿ, ಮಂಕಾಗಿ, ಹೇಳಿ ಕೇಳಿ ಹೋಗುವುದಲ್ಲ. ಹಿಂದಿನಿಂದ ಬಂದು ಯಾರೋ ಕಣ್ಣು ಮುಚ್ಚಿದ ಹಾಗೆ ಒಂದೇ ಏಟಿಗೆ ಕತ್ತಲು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಅವಳು ಜೀವ ಕೈಯಲ್ಲಿ ಹಿಡಿದುಕೊಂಡು, ರಸ್ತೆ ಇಲ್ಲೇ ಇರಬೇಕು ಎಂಬ ಅಂದಾಜಿನ ಮೇಲೆ ಬ್ರೇಕು ಒತ್ತಿ ಗಾಡಿ ನಿಲ್ಲಿಸುತ್ತಿದ್ದಳು. ನಿಲ್ಲಿಸಿ ಉಸಿರು ಬಿಡುವಷ್ಟರಲ್ಲಿ ಎರಡೂ ದೀಪ ಏನೂ ಆಗಿಯೇ ಇಲ್ಲವೆಂಬಂತೆ ಹತ್ತಿಕೊಳ್ಳುತ್ತಿದ್ದವು.

ರಿಪೇರಿಯವನ ಮುಂದೆ ನಿಲ್ಲಿಸಿದರಂತೂ ಕೇಳುವುದೇ ಬೇಡ. ಮನೆಯಲ್ಲಿ ರಂಪ ಮಾಡಿ ನೆಂಟರ ಮುಂದೆ ಕೈಕಟ್ಟಿ ನಿಲ್ಲುವ ಮಗುವಿನ ಹಾಗೆ ಥಳಥಳ ಉರಿಯುತ್ತಿದ್ದವು.

ಬೇರೆಯವರಾಗಿದ್ದರೆ ಕತ್ತಲಾದ ಮೇಲೆ ಆ ರಸ್ತೆಯ ಸಹವಾಸವೇ ಬೇಡ ಎಂದು ಮನೆಯಲ್ಲಿ ಕೂರುತ್ತಿದ್ದರು. ಪುಟ್ಟಿಗೆ ಆ ಭಾಗ್ಯ ಇರಲಿಲ್ಲ. ಅವಳ ಅಪ್ಪನ ಮೂತ್ರಪಿಂಡ ಎರಡೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಗುಡ್ಡದಾಚೆಯ ಊರಿನ ಆಸ್ಪತ್ರೆಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕು. ಅವರಿಗೆ ಸಿಕ್ಕಿದ್ದು ಮಧ್ಯಾಹ್ನದ ಸರದಿ. ರಕ್ತ ತೊಳೆಯುವ ಆ ಮಷೀನು ಅವರನ್ನು ಬಿಡುವ ಹೊತ್ತಿಗೆ ಸೂರ್ಯ ಮುಳುಗಿರುತ್ತಿದ್ದ, ಈ ಕಡೆಗೆ ಬರುವ ಕೊನೆಯ ಬಸ್ಸು ಹೋಗಿಯಾಗಿರುತ್ತಿತ್ತು. ಬೆಳಗಿನ ಸರದಿ ಬೇಕೆಂದು ಪುಟ್ಟಿ ಹೇಳಿಟ್ಟಿದ್ದಳು. ಅಲ್ಲಿ ಜಾಗ ಖಾಲಿಯಾಗುವುದು ಅಂದರೆ ಏನರ್ಥ ಎಂದು ಅವಳಿಗೆ ಗೊತ್ತಿತ್ತು. ಆದರೂ ಕಾಯುತ್ತಿದ್ದಳು, ಕಾಯುತ್ತಿದ್ದೇನಲ್ಲ ಎಂದು ತನ್ನ ಮೇಲೆ ತಾನೇ ಹೇಸಿಕೊಳ್ಳುತ್ತಿದ್ದಳು.

ಅಪ್ಪ ಜೀವಮಾನವೆಲ್ಲ ಬಸ್ಸು ಓಡಿಸಿದವರು. ಊರಿನ ಅರ್ಧ ಜನರನ್ನು ಶಾಲೆಗೂ ಹೆರಿಗೆಗೂ ಕೋರ್ಟಿಗೂ ಮುಟ್ಟಿಸಿದವರು. ತಮ್ಮ ಕಣ್ಣು ಮಂಜಾದಾಗ ಮಗಳಿಗೆ ತಾವೇ ಗಾಡಿ ಕಲಿಸಿ, ಬೀಗದ ಕೈ ಕೊಟ್ಟು, ಪಕ್ಕದ ಸೀಟಿಗೆ ಸರಿದಿದ್ದರು. ಬಾಡಿಗೆ ಕಾರಿಗೆ ಮಾತ್ರ ಹತ್ತುವುದಿಲ್ಲ ಎಂದು ಹಠ. ಗೊತ್ತಿಲ್ಲದ ಕೈಗೆ ಜೀವ ಕೊಡುವವನು ತಾನಲ್ಲ ಎನ್ನುತ್ತಿದ್ದರು. ಪುಟ್ಟಿ ಸ್ಟೇರಿಂಗ್ ಹಿಡಿದರೆ ಸರಿ, ಊರು ದಾಟುವ ಮುಂಚೆ ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿಬಿಡುತ್ತಿದ್ದರು.

“ರೇಷ್ಮೆ ಎಳೆದ ಹಾಗೆ ಓಡಿಸ್ತೀಯ ಕಣೇ. ನಿದ್ದೆ ತಡೆಯೋಕೇ ಆಗಲ್ಲ,” ಎಂದು ಮನೆ ಮುಟ್ಟಿದ ಮೇಲೆ ಹೇಳುತ್ತಿದ್ದರು.

ಪುಟ್ಟಿಗೆ ತಲೆಗೂದಲು ಅಲ್ಲಲ್ಲಿ ನರೆತಿತ್ತು. ಹೊಲಿಗೆ ಕಾರ್ಖಾನೆಯಲ್ಲಿ ಇಡೀ ಸಾಲಿನ ಮೇಲ್ವಿಚಾರಣೆ ಅವಳಿಗೇ ಎಂದು ಎಲ್ಲರೂ ಎಣಿಸಿದ್ದರು. ವಾರಕ್ಕೆ ಮೂರು ಮಧ್ಯಾಹ್ನ ಎದ್ದು ಹೋಗುವವಳಿಗೆ ಅದು ದಕ್ಕಲಿಲ್ಲ, ಅಂಗಿಗೆ ಗುಂಡಿ ಹಾಕುವ ಮಷೀನಿನ ಮುಂದೆಯೇ ಉಳಿದಳು. ಬದುಕಿನಲ್ಲಿ ಯಾರೂ ಅವಳನ್ನು ಹೊಗಳಲು ಸಾಲುಗಟ್ಟಿ ನಿಂತಿರಲಿಲ್ಲ. ಬಸ್ಸಿನ ಡ್ರೈವರೊಬ್ಬರು ತನ್ನ ಪಕ್ಕದಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾರೆ ಎಂಬುದೊಂದೇ ಅವಳ ಪಾಲಿನ ಬಿರುದು.

ಈಗ ದೀಪ ಆರಲು ಶುರುವಾದ ಮೇಲೆ ಆ ಬಿರುದೂ ಅಲುಗಾಡುತ್ತಿತ್ತು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಅಪ್ಪ ಹಿಂದಿನ ಸರದಿಗೆ ಹೋಗಲಿಲ್ಲ. ಹೊರಡುವ ಹೊತ್ತಿಗೆ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

“ಗಾಡಿಗೂ ಸಾಕಾಗಿದೆ, ನನಗೂ ಸಾಕಾಗಿದೆ. ಇಬ್ಬರನ್ನೂ ಬಿಟ್ಟುಬಿಡು ಪುಟ್ಟಿ. ನಾನು ಕಣಿವೆಗೆ ಬಿದ್ದರೆ ನಷ್ಟ ಇಲ್ಲ, ಜೊತೆಗೆ ನೀನೂ ಬೀಳ್ತೀಯಲ್ಲ.”

ಅವಳು ಬೇಡಿಕೊಂಡಳು, ಬೈದಳು, ಊಟ ಬಿಟ್ಟಳು. ಅವರು ಜಗ್ಗಲಿಲ್ಲ. ಮಾರನೆಯ ಬೆಳಿಗ್ಗೆ ಅವರ ಮುಖ ಊದಿಕೊಂಡಿತ್ತು, ಚಪ್ಪಲಿಗೆ ಕಾಲು ತೂರುತ್ತಿರಲಿಲ್ಲ. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತದೆಂದು ಕೂತೇ ತೂಕಡಿಸಿದರು. ಆಸ್ಪತ್ರೆಯ ಡಾಕ್ಟರು ಫೋನಿನಲ್ಲಿ ಪುಟ್ಟಿಗೆ ಛೀಮಾರಿ ಹಾಕಿದರು. ಇನ್ನೊಂದು ಸರದಿ ತಪ್ಪಿಸಿದರೆ ನೀರು ಶ್ವಾಸಕೋಶಕ್ಕೆ ಏರುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ ಎಂದರು. ಆ ಇನ್ನೊಂದು ಸರದಿ ಇವತ್ತಿನದೇ.

ಹಾಗಾಗಿ ಬೆಳಕು ಹರಿಯುವ ಮುಂಚೆಯೇ ಅವಳು ಫ್ಯೂಸ್ ಮಾಮನ ಅಂಗಡಿಯ ಮುಂದೆ ಗಾಡಿ ತಂದು ನಿಲ್ಲಿಸಿಕೊಂಡು ಕೂತಿದ್ದಳು.

ಫ್ಯೂಸ್ ಮಾಮ ವಾಹನಗಳ ವೈರಿಂಗ್ ರಿಪೇರಿಯವನು. ಯಾವ ಗಾಡಿ ಬಂದರೂ, ಟೈರು ಪಂಕ್ಚರ್ ಆಗಿ ಬಂದರೂ, ‘ಮೊದಲು ಫ್ಯೂಸು ನೋಡೋಣ’ ಎನ್ನುವವನಾದ್ದರಿಂದ ಆ ಹೆಸರು. ಕೆಲಸ ಗೊತ್ತಿತ್ತು, ಆದರೆ ಗೊತ್ತಿರುವುದರ ಎರಡರಷ್ಟು ಜಂಬವೂ ಇತ್ತು. ಈ ಕಾರಿಗೆ ಅವನು ಮೊದಲು ಹೊಸ ರಿಲೇ ಹಾಕಿ, ಇನ್ನು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಯೋಚನೆ ಇಲ್ಲ ಎಂದಿದ್ದ. ಅವಳಿಗೆ ಮಕ್ಕಳೇ ಇರಲಿಲ್ಲ, ಇರಲಿ. ದೀಪ ಮತ್ತೆ ಹೋಯಿತು. ಆಮೇಲೆ ಸ್ವಿಚ್ಚು ಬದಲಾಯಿಸಿ, ಅರ್ತ್ ತಂತಿ ಹಿಡಿದಿರುವ ಬೋಲ್ಟುಗಳನ್ನೆಲ್ಲ ಉಜ್ಜಿ ಬಿಗಿ ಮಾಡಿ, ಬೆನ್ನು ತಟ್ಟಿಕೊಂಡ. ಮತ್ತೂ ಹೋಯಿತು. ಪ್ರತಿಸಲ ಅವನೇ ಪಕ್ಕದಲ್ಲಿ ಕೂತು ಊರು ಸುತ್ತಿಸಿದಾಗ ಮಾತ್ರ ಏನೂ ಆಗುತ್ತಿರಲಿಲ್ಲ. ಕೊನೆಗೆ ಅವನು ಗಂಟಲು ಸರಿಮಾಡಿಕೊಂಡು, ಅಕ್ಕ, ತಿರುಗಿಸುವಾಗ ನಿಮ್ಮ ಕೈಯೇ ಸ್ವಿಚ್ಚಿಗೆ ತಾಗುತ್ತಿರಬೇಕು ಎಂದುಬಿಟ್ಟಿದ್ದ. ಅಂದಿನಿಂದ ಅವಳು ಸ್ವಿಚ್ಚಿನಿಂದ ಕೈ ದೂರ ಹಿಡಿದು ಹಿಡಿದು ಭುಜ ನೋಯಿಸಿಕೊಂಡಿದ್ದಳು. ಅಷ್ಟಾದರೂ ದೀಪ ಹೋಗುತ್ತಿತ್ತು. ಅವಳು ತನ್ನ ಕೈಯನ್ನೇ ನಂಬುವುದು ಬಿಟ್ಟಿದ್ದಳು.

ಇವತ್ತು ಅವಳು ಜಗಳಕ್ಕೆ ಬಂದಿರಲಿಲ್ಲ. ಅಂಗಡಿ ಬಾಗಿಲು ತೆಗೆಯುತ್ತಿದ್ದವನ ಮುಂದೆ ನಿಂತು ಅತ್ತುಬಿಟ್ಟಳು. ಅಪ್ಪನ ಮುಖ ಊದಿರುವುದು, ಡಾಕ್ಟರು ಹೇಳಿದ್ದು, ಎಲ್ಲ ಒಂದರ ಮೇಲೊಂದು ಹೇಳಿದಳು. ಹಿಂದಿನ ದಿನವೆಲ್ಲ ಕಾಡಿಸಿ ಅಪ್ಪನಿಂದ ಒಂದು ಮಾತು ಕಸಿದುಕೊಂಡಿದ್ದಳು. ಇವತ್ತೊಂದು ಸಲ ಬರುತ್ತಾರಂತೆ. ದಾರಿಯಲ್ಲಿ ದೀಪ ಹೋದರೆ ಅದೇ ಕೊನೆ, ಮತ್ತೆ ಕರೆಯಬಾರದು.

“ನೀವೂ ಹಿಂದಿನ ಸೀಟಲ್ಲಿ ಕೂತು ಬನ್ನಿ ಮಾಮ,” ಎಂದಳು. “ದೀಪ ಹೋಗೋ ಹೊತ್ತಿಗೆ ನಿಮ್ಮ ಕಣ್ಣಾರೆ ನೋಡಿ. ನನಗೆ ಬೇರೆ ದಾರಿ ಇಲ್ಲ.”

ಜಂಬದವರ ಹತ್ತಿರ ಒಂದು ಗುಣ ಇರುತ್ತದೆ, ಸೋತದ್ದು ಅವರಿಗೆ ನಿದ್ದೆ ಕೊಡುವುದಿಲ್ಲ. ಫ್ಯೂಸ್ ಮಾಮ ಅಂಗಡಿ ಬಾಗಿಲು ಮತ್ತೆ ಎಳೆದು ಕಾರಿನ ಬಾನೆಟ್ ಎತ್ತಿದ. ಕೆಲಸ ಮಾಡುತ್ತಲೇ ಅವಳಿಗೆ ಅರ್ಥವಾಗುವ ಹಾಗೆ ಹೇಳಿದ. ಎರಡೂ ದೀಪ ಒಟ್ಟಿಗೆ ಹೋಗುವುದರಿಂದ ತಪ್ಪು ಬಲ್ಬಿನದಲ್ಲ. ಫ್ಯೂಸು ಸುಡದೆ ಇರುವುದರಿಂದ ಶಾರ್ಟ್ ಅಲ್ಲ. ಎಲ್ಲೋ ಒಂದು ಕಡೆ ತಂತಿ ಬಿಟ್ಟು ಕೂಡುತ್ತಿದೆ. ರಿಲೇ ಅಂದರೆ ಬಾಗಿಲು ಕಾಯುವವನು, ಸ್ವಿಚ್ಚಿನಿಂದ ಒಂದು ಸಣ್ಣ ತಂತಿಯಲ್ಲಿ ಅಪ್ಪಣೆ ಬಂದರೆ ದೀಪಗಳಿಗೆ ದೊಡ್ಡ ಕರೆಂಟು ಬಿಡುತ್ತಾನೆ. ಕರೆಂಟೇ ಬರುತ್ತಿಲ್ಲವೋ, ಅಪ್ಪಣೆ ಬರುತ್ತಿಲ್ಲವೋ ಗೊತ್ತಾಗಬೇಕು. ಅದಕ್ಕೆ ಅವನು ಎರಡು ಪುಟ್ಟ ಬಲ್ಬುಗಳನ್ನು ರಿಲೇಗೆ ಜೋಡಿಸಿ, ಉದ್ದನೆಯ ವೈರಿನಲ್ಲಿ ಕಿಟಕಿಯಿಂದ ಹಿಂದಿನ ಸೀಟಿಗೆ ಎಳೆದ. ಕರೆಂಟಿಗೆ ಬಿಳಿ ಬಲ್ಬು, ಅಪ್ಪಣೆಗೆ ಹಸಿರು.

ಹಗಲಿನಲ್ಲಿ ಗುಡ್ಡ ದಾಟುವುದಕ್ಕೆ ಕಷ್ಟವಾಗಲಿಲ್ಲ. ಅಪ್ಪ ಕಣ್ಣು ಮುಚ್ಚಿ ಕೂತಿದ್ದರು, ಉಸಿರು ಮಾತ್ರ ಸಿಳ್ಳೆ ಹೊಡೆದ ಹಾಗೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ಅವರ ತೂಕ ನೋಡಿದ ನರ್ಸು ಪುಟ್ಟಿಯ ಮುಖವನ್ನೊಮ್ಮೆ ನೋಡಿ, ಬೇಗ ಬೇಗ ಸೂಜಿ ಚುಚ್ಚಿದಳು. ಅವರು ಮಷೀನಿಗೆ ಅಂಟಿಕೊಂಡು ಮಲಗಿದ್ದಷ್ಟು ಹೊತ್ತೂ ಪುಟ್ಟಿ ಹೊರಗಿನ ಬೆಂಚಿನ ಮೇಲೆ ಕೂತು, ಸಂಜೆಯಾಗದೆ ಇರಲಿ ಎಂದು ಬೇಡಿಕೊಂಡಳು. ಅವಳು ಬೇಡಿಕೊಂಡಳೆಂದು ಸಂಜೆ ನಿಲ್ಲುತ್ತದೆಯೇ?

ಹಿಂತಿರುಗುವಾಗ ಅಪ್ಪನ ಮುಖದ ಊತ ಇಳಿದಿತ್ತು. ಹಿಂಡಿದ ಬಟ್ಟೆಯ ಹಾಗೆ ಸೀಟಿನಲ್ಲಿ ಕುಸಿದು ಕೂತು ಕಣ್ಣು ಮುಚ್ಚಿದರು. ಪುಟ್ಟಿ ಹೆಡ್‌ಲೈಟು ಹಾಕಿದಳು. ಹಿಂದೆ ಫ್ಯೂಸ್ ಮಾಮನ ತೊಡೆಯ ಮೇಲೆ ಎರಡು ಪುಟ್ಟ ಬಲ್ಬು, ಬಿಳಿ ಒಂದು, ಹಸಿರು ಒಂದು, ಹತ್ತಿಕೊಂಡವು. ಊರು ಮುಗಿಯಿತು, ನೇರ ರಸ್ತೆ ಮುಗಿಯಿತು, ಏರು ಬಂತು. ಏನೂ ಆಗಲಿಲ್ಲ. ಗುಡ್ಡದ ನೆತ್ತಿ ದಾಟಿ ಇಳಿಜಾರು ಶುರುವಾದಾಗ ಅವಳ ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ದೀಪ ಹೋಗದಿದ್ದರೆ ಫ್ಯೂಸ್ ಮಾಮ ನಂಬುವುದಿಲ್ಲ, ಹೋದರೆ ಅಪ್ಪ ಮತ್ತೆ ಬರುವುದಿಲ್ಲ. ದೀಪ ಹೋಗಲಿ ಎಂದುಕೊಳ್ಳಬೇಕೋ ಉಳಿಯಲಿ ಎಂದುಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

ದೊಡ್ಡ ತಿರುವಿನಲ್ಲಿ ಎದುರಿನಿಂದ ಲಾರಿಯೊಂದು ಬಂತು. ಅವಳು ಪಕ್ಕಕ್ಕೆ ತೆಗೆದುಕೊಂಡಳು. ಲಾರಿ ದಾಟಿತು, ಅದರ ಬೆಳಕಿನ ಹಿಂದೆಯೇ ಇವಳ ಬೆಳಕೂ ಹೋಯಿತು.

“ಬಿಳಿ ಇದೆ, ಹಸಿರು ಹೋಯ್ತು,” ಎಂದ ಫ್ಯೂಸ್ ಮಾಮ. “ಅಪ್ಪಣೆನೇ ಬರ್ತಿಲ್ಲ. ಅಕ್ಕ, ಮೆಲ್ಲಗೆ ನಿಲ್ಲಿಸಿ. ಯಾರೂ ಮೈ ಅಲುಗಿಸಬೇಡಿ, ಕೂತ ಹಾಗೇ ಇರಿ.”

ಅವಳು ಬಂಡೆಯ ಬದಿಗೆ ತಂದು ನಿಲ್ಲಿಸಿದಳು. ಪ್ರತಿಸಲ ನಿಲ್ಲಿಸಿದ ಕೂಡಲೇ ಹತ್ತುತ್ತಿದ್ದ ದೀಪ ಈ ಸಲ ಹತ್ತಲಿಲ್ಲ. ಅಪಾಯದ ಸೂಚನೆಯ ದೀಪಗಳು ಮಾತ್ರ ಟಿಕ್ ಟಿಕ್ ಎಂದು ಮಿಣುಕುತ್ತಿದ್ದವು. ಮುಗಿಯಿತು ಎಂದುಕೊಂಡಳು. ಅಪ್ಪ ಕೊಟ್ಟ ಮಾತಿಗೆ ತಪ್ಪುವವರಲ್ಲ.

ಅಪ್ಪಣೆಯ ತಂತಿ ಸ್ವಿಚ್ಚಿನಿಂದ ಹೊರಟು, ಡ್ಯಾಶ್‌ಬೋರ್ಡಿನ ಹಿಂದೆ ಅಡ್ಡಲಾಗಿ ಹೋಗಿ, ಪಕ್ಕದ ಸೀಟಿನವರು ಕಾಲಿಡುವ ಜಾಗದಲ್ಲಿ ಇಳಿದು ಬಾನೆಟ್ಟಿನೊಳಕ್ಕೆ ಹೋಗುತ್ತದೆ. ಆ ದಾರಿ ಹಿಡಿದು ನೋಡಲು ಫ್ಯೂಸ್ ಮಾಮ ಎರಡು ಸೀಟಿನ ನಡುವಿನಿಂದ ಮುಂದಕ್ಕೆ ಬಾಗಿ ಟಾರ್ಚು ಬಿಟ್ಟ. ಬೆಳಕು ಒಂದು ಕಡೆ ನಿಂತುಬಿಟ್ಟಿತು. ಪುಟ್ಟಿಯೂ ನೋಡಿದಳು.

ಅಪ್ಪನ ಬಲಗಾಲು ಚಾಚಿ, ಇಳಿಜಾರಾಗಿ ಎದ್ದಿದ್ದ ನೆಲವನ್ನು ಒತ್ತಿ ಹಿಡಿದಿತ್ತು. ಸುಮ್ಮನೆ ಇಟ್ಟದ್ದಲ್ಲ, ಇದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತಿದ್ದು. ಮಂಡಿ ಗಡಗಡ ನಡುಗುತ್ತಿತ್ತು. ಬಸ್ಸಿನಲ್ಲಿ ಬ್ರೇಕು ಇರುವ ಜಾಗ ಅದು, ಈ ಸೀಟಿನ ಮುಂದೆ ಬ್ರೇಕೂ ಇರಲಿಲ್ಲ, ಏನೂ ಇರಲಿಲ್ಲ. ಕಾಲಡಿಯ ಕಾರ್ಪೆಟ್ಟು ಸವೆದು ಹಳ್ಳ ಬಿದ್ದಿತ್ತು. ಇಷ್ಟೆಲ್ಲ ಆಗುತ್ತಿದ್ದರೂ ಅಪ್ಪ ನಿದ್ದೆ ಮಾಡುವವರ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಇದ್ದರು.

“ಯಜಮಾನ್ರೇ, ಕಾಲು ತೆಗೀರಿ,” ಎಂದ ಫ್ಯೂಸ್ ಮಾಮ.

ಕಾಲು ಸಡಿಲವಾಯಿತು. ಬಂಡೆಯ ಮೇಲೆ ಬೆಳಕು ಬಿತ್ತು.

“ಮತ್ತೆ ಒತ್ತಿ.”

ಕತ್ತಲು.

ಇನ್ನೊಮ್ಮೆ ಮಾಡಿಸಿ ನೋಡುವ ಅಗತ್ಯ ಇರಲಿಲ್ಲ, ಆದರೂ ಗೆದ್ದ ಸಂತೋಷಕ್ಕೆ ಅವನು ಮಾಡಿಸಿ ನೋಡಿದ. ಆಮೇಲೆ ಕಾರ್ಪೆಟ್ ಎತ್ತಿದ. ತಂತಿಯ ಕಟ್ಟು ಅದರ ಜಾಗದಲ್ಲಿರದೆ ಕಾರ್ಪೆಟ್ಟಿನ ಅಡಿಗೆ ಜಾರಿ, ಸರಿಯಾಗಿ ಹಿಮ್ಮಡಿಯ ಕೆಳಗೆ ಬಿದ್ದುಕೊಂಡಿತ್ತು. ಮೇಲಿನ ಪ್ಲಾಸ್ಟಿಕ್ ಹಾಗೆಯೇ ಇದೆ, ಒಳಗಿನ ತಾಮ್ರದ ಎಳೆಗಳು ತುಳಿತಕ್ಕೆ ತುಂಡಾಗಿವೆ. ಒತ್ತಿದರೆ ಬಿಡುತ್ತವೆ, ಬಿಟ್ಟರೆ ಕೂಡುತ್ತವೆ. ತಿರುವಿಗೆ ಹೆದರಿ ಕಾಲು ಒತ್ತಿದರೆ ದೀಪ ಹೋಗುತ್ತದೆ, ದೀಪ ಹೋದದ್ದಕ್ಕೆ ಹೆದರಿ ಇನ್ನೂ ಒತ್ತುತ್ತಾರೆ, ಗಾಡಿ ನಿಂತಾಗ ಸಮಾಧಾನವಾಗಿ ಕಾಲು ತೆಗೆಯುತ್ತಾರೆ. ಅಂಗಡಿಯಲ್ಲಿ ಬಡ್ಡಿಮಗಂದು ಎಲ್ಲಿ ಸಿಗಬೇಕು ಎಂದ ಫ್ಯೂಸ್ ಮಾಮ. ಕಟ್ಟನ್ನು ಜಾಗ ತಪ್ಪಿಸಿದ ಅಯೋಗ್ಯ ಯಾರು ಎಂದು ಬೈಯಲು ಶುರುಮಾಡಿ, ಹಿಂದೊಮ್ಮೆ ಆ ಬಾಗಿಲಿಗೆ ಸ್ಪೀಕರ್ ಹಾಕಿದವನು ತಾನೇ ಎಂಬುದು ನೆನಪಾಗಿ ಬಾಯಿ ಮುಚ್ಚಿದ.

ಅಪ್ಪ ಕಣ್ಣು ಬಿಟ್ಟಿದ್ದರು. ನಿದ್ದೆಗಣ್ಣಲ್ಲಿ ಕಾಲು ತಾಗಿರಬೇಕು ಎಂದು ಗೊಣಗಿದರು. ಫ್ಯೂಸ್ ಮಾಮ ಕಾರ್ಪೆಟ್ಟಿನ ಹಳ್ಳದ ಮೇಲೆ ಟಾರ್ಚು ಬಿಟ್ಟ.

ಪುಟ್ಟಿ ಬಾಗಿಲು ತೆಗೆದು ಹೊರಗೆ ಹೋದಳು. ಬಂಡೆಗೆ ಕೈ ಕೊಟ್ಟು ನಿಂತಳು. ತಪ್ಪು ತನ್ನ ಕೈಯದಲ್ಲ ಎಂದು ಗೊತ್ತಾದ ಮೇಲೆ ಹಗುರವಾಗಬೇಕಿತ್ತು, ಆಗಲಿಲ್ಲ. ರೇಷ್ಮೆಯಂತೆ, ನಿದ್ದೆಯಂತೆ. ಒಂದು ದಿನವಾದರೂ ನಿದ್ದೆ ಮಾಡಿದ್ದಾರೋ ಇಲ್ಲವೋ. ಪ್ರತಿ ತಿರುವಿನಲ್ಲೂ ಇವಳು ಕೊಂದೇ ಹಾಕುತ್ತಾಳೆ ಎಂದು ಕಾಲು ಒತ್ತಿಕೊಂಡು ಕೂತವರು, ಮನೆಗೆ ಬಂದು ಹೊಗಳುತ್ತಿದ್ದರು. ಇಷ್ಟು ವರ್ಷ ತಾನು ಹೊತ್ತುಕೊಂಡು ಮೆರೆದ ಬಿರುದು ಮಕ್ಕಳ ಕೈಗೆ ಕೊಡುವ ಮಿಠಾಯಿ. ಅವಮಾನದಿಂದ ಅವಳಿಗೆ ಕಣ್ಣು ಉರಿಯಿತು. ಕಣಿವೆಗೆ ಬಿದ್ದರೆ ನಷ್ಟವಿಲ್ಲ ಅಂದವರಿಗೆ ಅಷ್ಟು ಭಯವಿದ್ದರೆ ಹೇಳಬಹುದಿತ್ತಲ್ಲ ಎಂದುಕೊಂಡಳು.

ಎಂದುಕೊಂಡವಳು ಅಲ್ಲಿಯೇ ತಡೆದು ನಿಂತಳು. ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಆಮೇಲೆ ಕಾರನ್ನು ಸುತ್ತಿ ಬಂದು ಅಪ್ಪನ ಕಡೆಯ ಬಾಗಿಲು ತೆಗೆದು, ಅವರ ಕಾಲಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತಳು.

“ಸಾಕಾಗಿದೆ ಅಂದ್ರಲ್ಲ ಅಪ್ಪ. ಸಾಕಾದವರು ಬ್ರೇಕು ಯಾಕೆ ಒತ್ತಬೇಕು?”

ಅಪ್ಪ ಮುಖ ಆ ಕಡೆ ತಿರುಗಿಸಿದರು. ಅವಳು ಬಿಡಲಿಲ್ಲ, ಮಂಡಿ ಹಿಡಿದು ಅಲುಗಿಸಿದಳು.

“ನಿನ್ನ ವಾರಿಗೆಯವರು ಎಲ್ಲಿದಾರೆ, ನೀನು ಎಲ್ಲಿದೀಯ,” ಎಂದರು ಅವರು ಆ ಕಡೆಯೇ ನೋಡುತ್ತ. “ಕೂತು ಕೂತು ಗುಂಡಿ ಹಾಕ್ತಿದೀಯ. ನಾನು ಬದುಕಬೇಕು ಅಂತ ಯಾವ ಬಾಯಲ್ಲಿ ಹೇಳಲಿ? ಸಾಕು ಅಂದರೆ ನೀನಾದರೂ ಬಿಡುಗಡೆ ಆಗ್ತೀಯ ಅಂತ ಅಂದೆ. ಬಾಯಿ ಅನ್ನುತ್ತೆ ಪುಟ್ಟಿ, ಕಾಲು ಕೇಳಲ್ಲ.”

“ಗುಂಡಿ ವಿಷಯ ನಾನು ನೋಡ್ಕೋತೀನಿ. ನಿಮಗೆ ಬದುಕಬೇಕೋ ಬೇಡವೋ ಅಷ್ಟು ಹೇಳಿ.”

ಅವರ ಗಲ್ಲ ಅದುರಿತು. ಪ್ರಯಾಣಿಕರ ಮುಂದೆ, ಹೆಂಡತಿಯ ಸಾವಿನ ದಿನ, ಮಷೀನಿನ ಸೂಜಿಗೆ, ಯಾವುದಕ್ಕೂ ಅತ್ತವರಲ್ಲ. ಈಗ ಮಗುವಿನ ಹಾಗೆ ಬಾಯಿ ಸೊಟ್ಟಗೆ ಮಾಡಿ ಅತ್ತರು.

“ಭಯ ಆಗುತ್ತೆ ಕಣೇ. ಸಾಯೋಕೆ ತುಂಬಾ ಭಯ ಆಗುತ್ತೆ.”

ಪುಟ್ಟಿ ಅವರ ಮಂಡಿಗೆ ಹಣೆ ಇಟ್ಟು ತಾನೂ ಅತ್ತಳು. ಭಯ ಅವಳಿಗೂ ಇತ್ತು. ಆ ಮಷೀನು ಇವರನ್ನು ವಾಸಿ ಮಾಡುವುದಿಲ್ಲ, ಒಂದು ಸರದಿಯಿಂದ ಇನ್ನೊಂದು ಸರದಿಗೆ ದಾಟಿಸುತ್ತದೆ ಅಷ್ಟೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದನ್ನು ಇಷ್ಟು ದಿನ ಒಬ್ಬರಿಂದೊಬ್ಬರು ಮುಚ್ಚಿಟ್ಟು ಒಂದೇ ಕಾರಿನಲ್ಲಿ ಓಡಾಡಿದ್ದರು.

ಫ್ಯೂಸ್ ಮಾಮ ಅಷ್ಟು ಹೊತ್ತೂ ಬಾನೆಟ್ಟಿನೊಳಗೆ ತಲೆ ಹಾಕಿ, ಅಲ್ಲಿ ಮಾಡಲು ಏನೂ ಇಲ್ಲದಿದ್ದರೂ ಏನೋ ಮಾಡುತ್ತಿದ್ದ. ಇಬ್ಬರೂ ಮೂಗು ಒರೆಸಿಕೊಂಡ ಮೇಲೆ ಬಂದು, ಸವೆದ ತಂತಿಯನ್ನು ಕತ್ತರಿಸಿ, ಹೊಸ ತುಂಡು ಸೇರಿಸಿ, ಟೇಪು ಸುತ್ತಿ, ಕಟ್ಟನ್ನು ಮೇಲೆ ಅದರ ಜಾಗಕ್ಕೆ ಸಿಕ್ಕಿಸಿದ. ನಾಳೆ ಅಂಗಡಿಯಲ್ಲಿ ಸೋಲ್ಡರ್ ಮಾಡಿ ಗಟ್ಟಿ ಮಾಡಿಕೊಡುತ್ತೇನೆ, ಇವತ್ತು ಮನೆ ಮುಟ್ಟಲು ಇದು ಸಾಕು ಎಂದ. ಮೊಮ್ಮಕ್ಕಳ ಮಾತು ಎತ್ತಲಿಲ್ಲ.

ಪುಟ್ಟಿ ಗಾಡಿ ತೆಗೆದಳು. ಮುಂದಿನ ತಿರುವು ಬರುವ ಮುಂಚೆಯೇ ಅಪ್ಪ ನೆಟ್ಟಗೆ ಕೂತರು. ಕಣ್ಣು ಮುಚ್ಚಲಿಲ್ಲ. ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು, ಇಷ್ಟು ವರ್ಷ ನುಂಗಿಕೊಂಡದ್ದನ್ನೆಲ್ಲ ಕಕ್ಕತೊಡಗಿದರು. ಇಳಿಜಾರಿನಲ್ಲಿ ಯಾರಾದರೂ ಕ್ಲಚ್ ಒತ್ತುತ್ತಾರೆಯೇ, ಕನ್ನಡಿ ಇಟ್ಟಿರುವುದು ಮುಖ ನೋಡಿಕೊಳ್ಳುವುದಕ್ಕಾ, ಇದನ್ನೇನಾ ನಾನು ಕಲಿಸಿದ್ದು, ಬಲಕ್ಕೆ ಬರಬೇಡ, ಬರಬೇಡ ಅಂದೆ. ಪುಟ್ಟಿ ಹೂಂ ಎಂದಳು, ಸರಿ ಎಂದಳು. ಇಂಥ ಬೈಗುಳ ಅವಳು ಕಾರ್ಖಾನೆಯಲ್ಲೂ ತಿಂದಿರಲಿಲ್ಲ. ಅಕ್ಕನಿಗೆ ಓಡಿಸಲು ಬಿಡಿ ಯಜಮಾನ್ರೇ ಎಂದು ಹಿಂದಿನಿಂದ ಫ್ಯೂಸ್ ಮಾಮ ಹೇಳಿದ್ದಕ್ಕೆ, ನೀನು ನಿನ್ನ ಸ್ಪೀಕರ್ ನೋಡಿಕೋ ಎಂದು ಅವನ ಬಾಯಿಯನ್ನೂ ಮುಚ್ಚಿಸಿದರು.

ಗುಡ್ಡದ ಕೊನೆಯ ತಿರುವಿನಲ್ಲಿ ಅವಳು ಸ್ವಲ್ಪ ಜೋರಾಗಿಯೇ ತಿರುಗಿಸಿದಳು. ಅಪ್ಪ ಕಾಲು ಒತ್ತಿ, ಹಲ್ಲು ಕಚ್ಚಿ, ತಿರುವು ಮುಗಿದ ಮೇಲೆ ಉಸಿರು ಬಿಟ್ಟರು.

“ಮೂರನೇ ಗೇರಲ್ಲಿ ಬರೋ ಜಾಗವಾ ಇದು? ನಾಡಿದ್ದು ಎರಡನೇ ಗೇರಿಗೆ ಇಳಿಸಿಯೇ ಬರಬೇಕು, ಗೊತ್ತಾಯ್ತಾ?”

ನಾಡಿದ್ದು ಅವರ ಮುಂದಿನ ಸರದಿ. ಗೊತ್ತಾಯಿತು ಎಂದು ಪುಟ್ಟಿ ತಲೆಯಾಡಿಸಿ, ತಿರುವು ಮುಗಿದಿದ್ದರೂ ಅವರು ಹೇಳಿದ ಹಾಗೆ ಗೇರು ಇಳಿಸಿದಳು.